ಅಳಿಯನಿಗೆ, ಆ ಒಂದು ಸಾಲಿನ ಬಗ್ಗೆ

ದಾವಣಗೆರೆ, ಪಿ.ಜೆ. ಬಡಾವಣೆ

ಅಳಿಯಾ,

ನಿನ್ನ ಪತ್ರ ನಿನ್ನೆಯಿಂದ ಮೂರು ಸಲ ಓದಿದೆ. ಮನೆ ವಿಷಯ, ನಿಮ್ಮಮ್ಮನ ಬಿಪಿ ಎಲ್ಲ ನಿಂಗೆ ಗೊತ್ತಿರೋದೇ, ಬಿಡು. ನಿಮ್ಮ ವೈಲ್ಡ್‌ಫ್ಲೈ (ಜಾವಾ ಪ್ರೋಗ್ರಾಂ ಓಡಿಸೋ ಸರ್ವರ್) ಇಂದ ದೂರದ ಆರ್ಟೆಮಿಸ್ ಬ್ರೋಕರ್‌ಗೆ, ಅಂದ್ರೆ ಪ್ರೋಗ್ರಾಂಗಳ ನಡುವೆ ಮೆಸೇಜ್ ಇಟ್ಟು ದಾಟಿಸೋ ಸರ್ವರ್‌ಗೆ, ಮೆಸೇಜ್ ಕಳಿಸೋ ವಿಷಯದಲ್ಲಿ "ಎರರ್ ಏನೂ ಬರಲ್ಲ ಮಾವ, ಆದ್ರೆ ಕಳಿಸಿದ ಮೆಸೇಜ್ ಆ ಕಡೆ ಇರಲ್ಲ, ಎಷ್ಟು ಹೋಯ್ತೋ ಯಾರಿಗೂ ಗೊತ್ತಾಗಲ್ಲ" ಅಂತ ಬರ್ದಿದೀಯಲ್ಲ, ಆ ಸಾಲು ನನ್ನ ನಿದ್ದೆ ಕೆಡಿಸ್ತು.

ನಂಗೆ ಅನ್ಸೋದು, ಮೆಸೇಜ್ ಕಳೆದಿಲ್ಲ, ನಿನ್ನ ಸರ್ವರ್‌ನಲ್ಲೇ ಕೂತಿದೆ. ವೈಲ್ಡ್‌ಫ್ಲೈ ಫುಲ್ ಪ್ರೊಫೈಲ್ ಅನ್ನೋ ಸೆಟ್ಟಿಂಗ್‌ನಲ್ಲಿ ಜೆಎಂಎಸ್‌ಎಕ್ಸ್‌ಎ ಅನ್ನೋ ಹೆಸರು, ಅಂದ್ರೆ ಕೋಡು ಬ್ರೋಕರ್ ಸಂಪರ್ಕ ಹುಡುಕೋ ಹೆಸರು, ಮೊದಲಿಂದ ಅದರ ಒಳಗಿನ ಬ್ರೋಕರ್‌ಗೇ ಕಟ್ಟಿರುತ್ತೆ. ನೀನು ದೂರದ ಬ್ರೋಕರಿನ 61616 ಪೋರ್ಟಿಗೆ ಔಟ್‌ಬೌಂಡ್ ಸಾಕೆಟ್ ಬೈಂಡಿಂಗ್ (ಅದರ ವಿಳಾಸ) ಹಾಕಿ, ರಿಮೋಟ್ ಕನೆಕ್ಟರ್ (ಅಲ್ಲಿಗೆ ದಾರಿ) ಮಾಡಿ, ಅದರ ಮೇಲೆ ಹೊಸ ಪೂಲ್ಡ್ ಕನೆಕ್ಷನ್ ಫ್ಯಾಕ್ಟರಿ (ಕೋಡಿಗೆ ಕನೆಕ್ಷನ್ ಕೊಡೋ ವ್ಯವಸ್ಥೆ) ಕೂರಿಸಿದ್ರೂ ಕೋಡು ಹಳೇ ಹೆಸರನ್ನೇ ಹುಡುಕ್ತಿದ್ರೆ, ಆ ಕಡೆ ಇರೋ ಹೆಸರಿನದೇ ಕ್ಯೂ (ಮೆಸೇಜ್ ಸಾಲಾಗಿ ಕಾಯೋ ಜಾಗ) ನಿನ್ನ ಸರ್ವರ್‌ನಲ್ಲೂ ಇದ್ರೆ, ಎಲ್ಲ ಸರಿಯಾಗೇ ಹೋದಂಗೆ ಕಾಣುತ್ತೆ. ಹೊಸ ಫ್ಯಾಕ್ಟರಿಗೆ ಬೇರೆ ಜೆಎನ್‌ಡಿಐ ಹೆಸರು (ಕೋಡು ಅದನ್ನ ಹುಡುಕೋ ಹೆಸರು) ಕೊಟ್ಟು ಕೋಡಲ್ಲಿ ಅದನ್ನೇ ಹಾಕಿ ನೋಡು. ನಾನು ಕೆಲಸ ಬಿಟ್ಟು ವರ್ಷಗಳಾದವು, ಈಗಿನ ವರ್ಷನ್‌ನಲ್ಲಿ ಬೇರೆ ಇದ್ರೆ ತಪ್ಪು ತಿಳ್ಕೋಬೇಡ.

ಆದ್ರೆ "ಯಾರಿಗೂ ಗೊತ್ತಾಗಲ್ಲ" ಅಂದ್ಯಲ್ಲ, ಅಲ್ಲೇ ನಂಗೆ ಹೆದರಿಕೆ. 2009ರಲ್ಲಿ ಬೆಂಗಳೂರಲ್ಲಿದ್ದಾಗ ನಾನೂ ಇಂಥದ್ದೇ ಕಟ್ಟಿದ್ದೆ, ಬ್ರೋಕರ್ ಬೇರೆ ಊರಲ್ಲಿ. ಸ್ಪೀಡ್ ಬರ್ಲಿ ಅಂತ ಮೆಸೇಜನ್ನ ನಾನ್-ಪರ್ಸಿಸ್ಟೆಂಟ್ (ಡಿಸ್ಕಿಗೆ ಬರೆಯದಂಗೆ) ಮಾಡಿದ್ದೆ, ಯಾರನ್ನೂ ಕೇಳ್ಲಿಲ್ಲ. ಒಂದು ಶನಿವಾರ ರಾತ್ರಿ ಬ್ರೋಕರ್ ರೀಸ್ಟಾರ್ಟ್ ಆಯ್ತು, ಕ್ಯೂನಲ್ಲಿದ್ದ ಜನರ ಕಂತಿನ ದುಡ್ಡಿನ ಮೆಸೇಜ್ ಅಷ್ಟೂ ಹೋಯ್ತು. ಡಿಸ್ಕಿಗೆ ಬರೆಯದೇ ಇದ್ದದ್ದು ರೀಸ್ಟಾರ್ಟ್ ಆದ್ಮೇಲೆ ಎಲ್ಲಿಂದ ಬರುತ್ತೆ. ಭಾನುವಾರನೇ ಲಾಗ್ ನೋಡಿ ನಂಗೆ ಗೊತ್ತಾಗಿತ್ತು. ಬುಧವಾರದ ತನಕ ಬಾಯಿ ಬಿಡ್ಲಿಲ್ಲ. ಅಷ್ಟರಲ್ಲಿ ರೀಸ್ಟಾರ್ಟ್ ಮಾಡಿದ ಕಾಂಟ್ರಾಕ್ಟ್ ಹುಡುಗನ್ನ ಮನೆಗೆ ಕಳಿಸಿಬಿಟ್ಟಿದ್ರು, ಆಮೇಲೆ ನಾನು ಹೇಳಿದ್ದೂ ಅರ್ಧ ಮಾತ್ರ. ವರ್ಷಗಳಾದ್ಮೇಲೆ ಇಲ್ಲೇ ಬಸ್ ಸ್ಟ್ಯಾಂಡಲ್ಲಿ ಸಿಕ್ಕ, ಹರಿಹರದ ಬಸ್ಸಿಗೆ ನಿಂತಿದ್ದ, ಕೈಲಿ ಮಂಡಕ್ಕಿ ಪೊಟ್ಟಣ. "ಚೆನ್ನಾಗಿದೀರಾ ಸಾರ್" ಅಂತ ಪೊಟ್ಟಣ ನನ್ನ ಕಡೆ ಹಿಡಿದ. ಒಂದು ಹಿಡಿ ತಗೊಂಡು ತಿಂದೆ, ಅವತ್ತೂ ಹೇಳ್ಲಿಲ್ಲ, ಬಸ್ ಬಂತು, ಅವನು ಹತ್ತಿಬಿಟ್ಟ.

ಅದಕ್ಕೇ ಹೇಳ್ತಿರೋದು ಅಳಿಯಾ, ಮೆಸೇಜ್ ಕಳೆದುಹೋಗಿದ್ರೆ ಇವತ್ತೇ ನಿಮ್ಮ ಲೀಡ್‌ಗೆ ಹೇಳು, ಎಷ್ಟು ಅಂತ ಲೆಕ್ಕ ಸಿಗೋ ತನಕ ಕಾಯಬೇಡ. ಬಯ್ತಾರೆ, ಬಯ್ಯಲಿ.

ಇನ್ನೊಂದು ನೆನಪಾಯ್ತು. ಆರ್ಟೆಮಿಸ್‌ನಲ್ಲಿ ಒಂದು ಮೆಸೇಜ್ ಡೀಫಾಲ್ಟ್ ಆಗಿ 10 ಸಲ ಫೇಲ್ ಆದ್ರೆ ಡೆಡ್ ಲೆಟರ್ ಅಡ್ರೆಸ್ (ತಲುಪಿಸೋಕಾಗದ ಮೆಸೇಜ್ ಎತ್ತಿಡೋ ಜಾಗ)‌ಗೆ ಹೋಗುತ್ತೆ, ಆ ಅಡ್ರೆಸ್ಸೇ ಬರೆದಿಲ್ಲ ಅಂದ್ರೆ ಅಳಿಸಿಹಾಕುತ್ತೆ. ನೀನು ಹೇಳಿದಂಗೆ ಯಾರಿಗೂ ಗೊತ್ತಾಗದಂಗೆ ಹೋಗೋ ದಾರಿ ಇದೂ ಒಂದು. ನಿಮ್ಮ ಬ್ರೋಕರ್ ನೋಡ್ಕೊಳ್ಳೋರನ್ನ ಕೇಳು, ಸಂಕೋಚ ಪಡಬೇಡ. ಮೊದಲ ಕನೆಕ್ಷನ್ ಆಗಿ ಆಮೇಲೆ ನಿನ್ನ ಸರ್ವರ್ ದೂರದ ಬ್ರೋಕರ್ ಬಿಟ್ಟು ತನ್ನದೇ ಮಷೀನನ್ನ, ಅಂದ್ರೆ ಲೋಕಲ್‌ಹೋಸ್ಟ್ ಹುಡುಕ್ತಿದ್ರೆ, ಬ್ರೋಕರ್ ತನ್ನ ವಿಳಾಸವನ್ನೇ ಹಂಗೆ ಹೇಳ್ತಿರಬೋದು, ಅದನ್ನೂ ಕೇಳು. ಇಷ್ಟೇ ನಂಗೆ ತಿಳಿಯೋದು, ಜಾಸ್ತಿ ಸಹಾಯ ಆಗ್ಲಿಲ್ಲ ಅನ್ನೋದು ನಂಗೂ ಗೊತ್ತು.

ಆ ಹುಡುಗನ ನಂಬರ್ ಹಳೇ ಡೈರೀಲಿ ಸಿಕ್ತು. ಇನ್ನೂ ಫೋನ್ ಮಾಡಿಲ್ಲ. ನೀನು ಲೀಡ್ ಹತ್ರ ಮಾತಾಡಿದ ದಿನ ರಾತ್ರಿ ಎಷ್ಟೊತ್ತಾದ್ರೂ ನಂಗೆ ಫೋನ್ ಮಾಡು, ಎದ್ದಿರ್ತೀನಿ.

ನಿನ್ನ ಮಾವ