ರಿಟರ್ನ್ಸ್ ನಿಮ್ಮದು, ಮೊಬೈಲ್ ನಂಬರೂ ನಿಮ್ಮದೇ ಇರಲಿ

ಮಾನ್ಯ ಸಂಪಾದಕರೇ,

ಚಿಕ್ಕಮಗಳೂರಿನಲ್ಲಿ ಸಣ್ಣ ಆಫೀಸ್ ಇಟ್ಟುಕೊಂಡು ಹದಿನೆಂಟು ವರ್ಷದಿಂದ ಆದಾಯ ತೆರಿಗೆ ರಿಟರ್ನ್ಸ್ ಹಾಕಿಕೊಡುತ್ತಿದ್ದೇನೆ. ಮೇಷ್ಟ್ರುಗಳು, ಪೆನ್ಷನ್‌ದಾರರು, ಪೊಲೀಸರು, ಎಸ್ಟೇಟ್ ರೈಟರುಗಳು ನನ್ನಲ್ಲಿಗೆ ಬರುತ್ತಾರೆ. ಪ್ರತಿ ಜುಲೈಯಲ್ಲೂ ಯಾರಾದರೊಬ್ಬರು ಕೇಳುತ್ತಾರೆ: ‘ಅಲ್ಲೊಬ್ಬರು ಕಟ್ಟಿದ ಟ್ಯಾಕ್ಸೆಲ್ಲ ವಾಪಸ್ ತೆಗೆಸಿಕೊಡ್ತಾರಂತೆ. ನೀವ್ಯಾಕೆ ಸಾರ್ ಕೊಡಿಸಲ್ಲ?’

ಕಳೆದ ವರ್ಷ ಆಲ್ದೂರು ಕಡೆಯ ಮೇಷ್ಟ್ರೊಬ್ಬರು ಬಂದರು. ಮಗಳ ಇಂಜಿನಿಯರಿಂಗ್ ಓದಿಗೆ ಸಾಲ ಬೇಕಿತ್ತು. ಬ್ಯಾಂಕಿನವರು ಹಿಂದಿನ ರಿಟರ್ನ್ಸ್ ಕೇಳಿದ್ದರು. ಆದಾಯ ತೆರಿಗೆ ಇಲಾಖೆಯ ಪೋರ್ಟಲ್ ತೆರೆಯಲು ಹೋದರೆ ಓಟಿಪಿ ಯಾವುದೋ ನಂಬರಿಗೆ ಹೋಯಿತು. ಇಮೇಲ್ ಕೂಡ ಅವರದ್ದಲ್ಲ. ಕೊನೆಗೆ ಆಧಾರ್ ಓಟಿಪಿಯಿಂದ ಪಾಸ್‌ವರ್ಡ್ ಬದಲಾಯಿಸಿ ಒಳಗೆ ಹೋದೆವು. 2023ರ ಜುಲೈಯಲ್ಲಿ ಹಾಕಿದ ರಿಟರ್ನ್ಸ್ ನೋಡಿ ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಹೆಸರೇ ಕೇಳದ ರಾಜಕೀಯ ಪಕ್ಷಕ್ಕೆ ಅವರು ದೇಣಿಗೆ ಕೊಟ್ಟಿದ್ದರಂತೆ. ಸ್ವಂತ ಮನೆಯಲ್ಲಿರುವವರು ಬಾಡಿಗೆ ಕಟ್ಟಿದ್ದರಂತೆ. ಹೀಗೆ ತೆರಿಗೆ ಕಡಿಮೆ ಮಾಡಿ ತೋರಿಸಿದ್ದಕ್ಕೆ ಬಂದ ರೀಫಂಡ್ 41 ಸಾವಿರ. ಅದರಲ್ಲಿ ಹತ್ತನೇ ಒಂದು ಭಾಗ ಹಾಕಿಕೊಟ್ಟವನ ಕಮಿಷನ್.

‘ನಾನು ಸೈನ್ ಕೂಡ ಹಾಕಿಲ್ಲ ಸಾರ್’ ಅಂದರು. ಸೈನ್ ಈಗ ಬೇಕಾಗಿಯೂ ಇಲ್ಲ. ಓಟಿಪಿ ಹೇಳಿದರೆ ಅದೇ ಸೈನ್. ರಿಟರ್ನ್ಸ್ ಹಾಕಿಕೊಟ್ಟವರು ಯಾರೇ ಇರಲಿ, ಅದರಲ್ಲಿ ಬರೆದದ್ದಕ್ಕೆಲ್ಲ ಹೊಣೆ ಪ್ಯಾನ್ ಕಾರ್ಡ್ ಇದ್ದವರದ್ದೇ. ತಿದ್ದಿದ ರಿಟರ್ನ್ಸ್ ಹಾಕಿ ಹಣ ವಾಪಸ್ ಕಟ್ಟಿಸಿದೆ. ಬಡ್ಡಿ ಸೇರಿಸಿ, ಅದರ ಮೇಲೆ ಶೇ 50 ಹೆಚ್ಚುವರಿ ತೆರಿಗೆ. 41 ಸಾವಿರ ಪಡೆದವರು 60 ಸಾವಿರಕ್ಕೂ ಜಾಸ್ತಿ ಕಟ್ಟಿದರು. ಇಲಾಖೆಯೇ ಮೊದಲು ಹಿಡಿದಿದ್ದರೆ ದಂಡ ತೆರಿಗೆಯ ಎರಡು ಪಟ್ಟಿನವರೆಗೂ ಹೋಗಬಹುದಿತ್ತು. ಕಮಿಷನ್ ಪಡೆದವನ ಫೋನ್ ಅಷ್ಟರಲ್ಲಿ ಸ್ವಿಚ್ ಆಫ್.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಸುಳ್ಳು ವಿನಾಯಿತಿ ತೋರಿಸುವವರ ಮೇಲೆ 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದ 150 ಕಡೆ ಶೋಧ ನಡೆಸಿತು. ಅದಕ್ಕೂ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40 ಸಾವಿರ ಮಂದಿ 1,045 ಕೋಟಿ ರೂಪಾಯಿಯ ಸುಳ್ಳು ಲೆಕ್ಕ ತಾವೇ ಹಿಂದೆ ತೆಗೆದುಕೊಂಡಿದ್ದರು. ಇಂಥ ರಿಟರ್ನ್ಸ್ ಹಾಕಿಕೊಡುವವರು ತಾತ್ಕಾಲಿಕ ಇಮೇಲ್ ಮಾಡಿ ಆಮೇಲೆ ಬಿಟ್ಟುಬಿಡುತ್ತಾರೆ, ನೋಟಿಸ್ ಯಾರೂ ಓದದೆ ಅಲ್ಲೇ ಉಳಿಯುತ್ತದೆ ಎಂದು ಇಲಾಖೆಯೇ ಹೇಳಿತ್ತು.

ಬೇರೆ ನಂಬರ್ ಹಾಕುವವರೆಲ್ಲ ಮೋಸಗಾರರು ಅಂತ ನಾನು ಹೇಳುವುದಿಲ್ಲ. ಕಷ್ಟ ನನಗೂ ಗೊತ್ತು. ಜುಲೈ ಅಂದರೆ ನಮ್ಮಲ್ಲಿ ಮಳೆ ಜೋರು. ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ಮಲ್ಲಂದೂರು ಕಡೆಯವರು ಓಟಿಪಿ ಹೇಳುವುದಕ್ಕೆ ಗುಡ್ಡ ಹತ್ತಿ ಫೋನ್ ಮಾಡುತ್ತಾರೆ, ಅಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತದೆ. ಹೊರಗೆ ಬೆಂಚಿನ ಮೇಲೆ ಹತ್ತು ಜನ ಕಾಯುತ್ತಿರುತ್ತಾರೆ. ಮೊದಮೊದಲು ನಾನೂ ಕೆಲವರಿಗೆ ಆಫೀಸಿನ ಇಮೇಲೇ ಹಾಕಿದ್ದೆ. ಅದು ತಪ್ಪು ಅಂತ ಅರಿವಾದ ಮೇಲೆ ಒಬ್ಬೊಬ್ಬರನ್ನೇ ಕರೆದು ಬದಲಾಯಿಸಿಕೊಟ್ಟೆ. ಎರಡು ವರ್ಷ ಹಿಡಿಯಿತು. ಈ ಕೆಲಸ ಮಾಡುವ ಉಳಿದವರೂ ದಯವಿಟ್ಟು ಹಾಗೆ ಮಾಡಿ.

ಇಲಾಖೆಗೂ ಒಂದು ಮನವಿ. ನೋಟಿಸ್ ಹೊರಟಾಗ ಆಧಾರ್‌ಗೆ ಜೋಡಿಸಿರುವ ಮೊಬೈಲಿಗೂ ಕನ್ನಡದಲ್ಲೊಂದು ಮೆಸೇಜ್ ಬರಲಿ. ಇಂಗ್ಲಿಷ್ ಇಮೇಲ್ ತೆರೆದು ಓದುವ ಅಭ್ಯಾಸ ನಮ್ಮ ಪೆನ್ಷನ್‌ದಾರರಲ್ಲಿ ಎಷ್ಟು ಜನರಿಗಿದೆ?

ಓದುಗರು ಇವತ್ತೇ ಪೋರ್ಟಲ್ಲಿಗೆ ಹೋಗಿ ‘ಮೈ ಪ್ರೊಫೈಲ್’ ನೋಡಿ. ಅಲ್ಲಿರುವ ನಂಬರ್, ಇಮೇಲ್ ನಿಮ್ಮದೇನಾ? ಹಾಕಿದ ರಿಟರ್ನ್ಸಿನ ಒಂದು ಪ್ರತಿ ಇಳಿಸಿಕೊಂಡು, ನೀವು ಕೊಡದ ದೇಣಿಗೆ, ಕಟ್ಟದ ಬಾಡಿಗೆ ಇದೆಯಾ ನೋಡಿ. ಇದಕ್ಕೆ ನಮ್ಮಂಥವರ ಹತ್ತಿರ ಬಂದು ಫೀಸ್ ಕೊಡಬೇಕಾಗಿಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಹತ್ತು ನಿಮಿಷದಲ್ಲಿ ತೋರಿಸಿಕೊಡುತ್ತಾರೆ.

– ಒಬ್ಬ ತೆರಿಗೆ ಸಲಹೆಗಾರ, ಚಿಕ್ಕಮಗಳೂರು