ಸ್ಕ್ರೀನ್‌ಶಾಟ್‌ನಲ್ಲಿ ಗೆರೆ ಇಲ್ಲ ಅಂತ ನನ್ನ ದೂರು ಮುಚ್ಚಿದ ಬಗ್ಗೆ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ವಿಷಯ: ಹೊಸ 27 ಇಂಚಿನ ಮಾನಿಟರ್‌ನಲ್ಲಿ ಕಪ್ಪು ಗೆರೆ, ಬದಲಿಸಿ ಕೊಡುವ ಬಗ್ಗೆ

ಮಾನ್ಯರೇ,

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಪತ್ರಿಕೆ, ಬಿಲ್ ಬುಕ್ಕು, ಬ್ಯಾನರ್ ಅಂತ ದಿನಕ್ಕೆ ಹತ್ತು ಗಂಟೆ ಪರದೆ ಮುಂದೆಯೇ ಕೂತಿರುತ್ತೇನೆ. ಕಣ್ಣಿಗೆ ಸ್ವಲ್ಪ ಆರಾಮಾಗಲಿ ಅಂತ ನಿಮ್ಮದೇ ವೆಬ್‌ಸೈಟ್‌ನಲ್ಲಿ 18,500 ರೂಪಾಯಿ ಕೊಟ್ಟು ಈ ಮಾನಿಟರ್ ತರಿಸಿದೆ. ಬಂದು ಇನ್ನೂ ತಿಂಗಳು ತುಂಬಿಲ್ಲ.

ಆರನೇ ದಿನ ಪರದೆಯ ಎಡಗಡೆ, ಮೇಲಿಂದ ಕೆಳಗಿನವರೆಗೆ ಒಂದು ಕಪ್ಪು ಗೆರೆ ಕಂಡಿತು. ಕೂದಲೆಳೆಯಷ್ಟು ಸಣ್ಣದು. ನಿಜವಾಗಲೂ ಕೂದಲೇ ಅಂದುಕೊಂಡು ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸಲು ಕಂಪ್ಯೂಟರ್‌ನಲ್ಲಿರುವ ಸಾಫ್ಟ್‌ವೇರ್, ತೆಗೆದು ಮತ್ತೆ ಹಾಕಿ ಅಂದರು, ಹಾಕಿದೆ. ಎರಡನೇ ಸಲ ಕೇಬಲ್ ಬದಲಿಸಿ ಅಂದರು. ಎಚ್‌ಡಿಎಂಐ ಕಿತ್ತು, ಡಿಸ್‌ಪ್ಲೇಪೋರ್ಟ್ ಕೇಬಲ್ ಕೊಂಡು ತಂದು ಹಾಕಿದೆ. ಮೂರನೇ ಸಲ ಬೇರೆ ಯಾರೋ ಫೋನ್ ಎತ್ತಿದರು, ಮತ್ತೆ ಡ್ರೈವರ್‌ನಿಂದಲೇ ಶುರು! ಕೊನೆಗೆ "ಗೆರೆ ಕಾಣೋ ಹಾಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿ ಮೇಡಂ" ಅಂದರು. ಕಳಿಸಿದೆ. ಮಾರನೇ ದಿನ ಮೇಲ್ ಬಂತು. ಚಿತ್ರದಲ್ಲಿ ಯಾವ ದೋಷವೂ ಕಾಣುತ್ತಿಲ್ಲ, ಆದ್ದರಿಂದ ದೂರು ಮುಚ್ಚಲಾಗಿದೆಯಂತೆ.

ಕಾಣೋದಾದರೂ ಹೇಗೆ? ಸ್ಕ್ರೀನ್‌ಶಾಟ್ ಅಂದರೆ ಕಂಪ್ಯೂಟರ್ ಒಳಗಿರುವ ಚಿತ್ರ, ಗಾಜಿನ ಫೋಟೋ ಅಲ್ಲ. ಅದನ್ನೇ ಮೊಬೈಲ್‌ನಲ್ಲಿ ತೆರೆದರೆ ಶುದ್ಧವಾಗಿದೆ. ಅಂದರೆ ಕಂಪ್ಯೂಟರ್ ಸರಿಯಾದ ಚಿತ್ರವನ್ನೇ ಕಳಿಸುತ್ತಿದೆ, ಕೆಟ್ಟಿರುವುದು ನಿಮ್ಮ ಪರದೆ. ನೀವು ದೂರು ಮುಚ್ಚಲು ತೋರಿಸಿದ ಚಿತ್ರವೇ ನನ್ನ ಪರವಾದ ಸಾಕ್ಷಿ.

ಅಷ್ಟಕ್ಕೇ ಬಿಡಲಿಲ್ಲ. ಕರೆಂಟಿನ ವೈರೊಂದನ್ನು ಬಿಟ್ಟು ಎಲ್ಲ ಕೇಬಲ್ ಕಿತ್ತು ಮಾನಿಟರ್ ಆನ್ ಮಾಡಿದೆ. ಸಿಗ್ನಲ್ ಇಲ್ಲ ಅನ್ನುವ ಚೌಕ ತೇಲಾಡತೊಡಗಿತು. ತೇಲುತ್ತಾ ಎಡಕ್ಕೆ ಬಂದಾಗ ಗೆರೆ ಅದನ್ನು ನೆಟ್ಟಗೆ ಸೀಳಿತು. ಆಗ ಕಂಪ್ಯೂಟರ್ ಜೋಡಿಸಿಯೇ ಇರಲಿಲ್ಲ. ಇನ್ನು ಡ್ರೈವರ್ ಎಲ್ಲಿಂದ ಬಂತು? ಒರೆಸುವಾಗ ಹೆಬ್ಬೆರಳು ಕೆಳಗಿನ ಅಂಚಿಗೆ ಒತ್ತಿದರೆ ಗೆರೆ ಮಾಯ, ಬಿಟ್ಟರೆ ಮತ್ತೆ ಹಾಜರ್. ಪ್ಯಾನಲ್ ಅಂಚಿನ ಜೋಡಣೆಯಲ್ಲೇ ಎಲ್ಲೋ ಸಡಿಲ ಇದೆ ಅಂತ ನನ್ನ ಅನುಮಾನ. ಎರಡರ ವಿಡಿಯೋನೂ ಜೊತೆಗಿಟ್ಟಿದ್ದೇನೆ.

ಐದು ಪಿಕ್ಸೆಲ್‌ವರೆಗೆ (ಪರದೆಯ ಚಿತ್ರ ಮೂಡಿಸುವ ಪುಟ್ಟ ಚುಕ್ಕಿಗಳು) ಕೆಟ್ಟಿದ್ದರೆ ಅದು ಸಹಜ ಅಂತಲೂ ನಿಮ್ಮವರು ಹೇಳಿದರು. ಇದು 2560×1440 ಪರದೆ. ಮೇಲಿಂದ ಕೆಳಗೆ ಒಂದು ಗೆರೆ ಅಂದರೆ 1440 ಪಿಕ್ಸೆಲ್. ಲೆಕ್ಕ ನೀವೇ ಹಾಕಿ.

"ಸಣ್ಣ ಗೆರೆ ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದವರಿಗೆ ಒಂದು ಮಾತು. ಹೋದ ವಾರ ಒಂದು ಮದುವೆ ಪತ್ರಿಕೆಯಲ್ಲಿ ವಧು ಅನ್ನುವುದನ್ನು ವದು ಅಂತ ಟೈಪ್ ಮಾಡಿದ್ದೆ. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಪ್ರೂಫ್ ನೋಡುವಾಗ ಆ ಗೆರೆ ಸರಿಯಾಗಿ ದ ಅಕ್ಷರದ ನಡುವೆ ಹಾದು, ಅದು ಹೊಟ್ಟೆ ಸೀಳಿದ ಧ ಆಗಿಯೇ ಕಂಡಿತು. 400 ಪತ್ರಿಕೆ ಅಚ್ಚಾಗಿ ಬಂದ ಮೇಲೆ ಹುಡುಗಿಯ ಸೋದರಮಾವ ಬೆರಳಿಟ್ಟು ತೋರಿಸಿದರು. ನನ್ನ ಖರ್ಚಲ್ಲೇ ಮತ್ತೆ ಅಚ್ಚು ಹಾಕಿಸಿಕೊಟ್ಟೆ. ಆ ದುಡ್ಡು ನಿಮ್ಮನ್ನು ಕೇಳುತ್ತಿಲ್ಲ. ಈಗ ಪ್ರತಿ ಪುಟವನ್ನೂ ಪಕ್ಕಕ್ಕೆ ಸರಿಸಿ ಸರಿಸಿ ಎರಡೆರಡು ಸಲ ಓದುತ್ತಿದ್ದೇನೆ.

ಮಾನಿಟರ್‌ನ್ನು ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ತನ್ನಿ ಅನ್ನಬೇಡಿ. ಸುಮಾರು 260 ಕಿಲೋಮೀಟರ್ ಬಸ್ಸಿನಲ್ಲಿ ಗಾಜು ಹೊತ್ತು ಬರಲು ನನ್ನಿಂದಾಗದು, ಅಂಗಡಿಯೂ ಮುಚ್ಚಬೇಕು. ಮನೆಗೆ ತಂದುಕೊಟ್ಟವರು ನೀವೇ, ಬಂದು ಒಯ್ಯುವವರೂ ನೀವೇ ಆಗಬೇಕು, ಅಲ್ವಾ? ರಿಪೇರಿ ಬೇಡ. ಹೊಸ ಮಾನಿಟರ್ ಕೊಡಿ, ಇಲ್ಲವೇ ಹಣ ವಾಪಸ್ ಮಾಡಿ.

2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಈ ದೂರು ತಲುಪಿದೆ ಅಂತ 48 ಗಂಟೆಯೊಳಗೆ ನೀವು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದೊಳಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ.

ಬಿಲ್ಲು, ಫೋಟೋ, ವಿಡಿಯೋ ಲಗತ್ತಿಸಿದ್ದೇನೆ. ಡಬ್ಬ, ಥರ್ಮಾಕೋಲ್ ಎಲ್ಲಾ ಅಟ್ಟದ ಮೇಲೆ ಹಾಗೇ ಇದೆ. ಫೋನ್ ಮಾಡುವುದಾದರೆ ಬೆಳಗ್ಗೆ ಹತ್ತರ ಮೇಲೆ ಮಾಡಿ. ಡ್ರೈವರ್ ವಿಷಯ ಮಾತ್ರ ಬೇಡ.

ಇತಿ,
ಡಿಟಿಪಿ ಅಂಗಡಿಯ ಮಾಲೀಕಳು
ದಾವಣಗೆರೆ