ಬಂಗಾರದ ರೇಟಿನ ಪಕ್ಕ ಹೂವಿನ ಸುದ್ದಿನೂ ಒಂದು ಸಾಲು ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಜನವರಿ ಫೆಬ್ರವರಿ ಬಂತು ಅಂದ್ರೆ ಪೇಪರ್‌ಗಳಲ್ಲಿ ಒಂದು ಫೋಟೋ ಬಂದೇ ಬರುತ್ತೆ, ಕಬ್ಬನ್ ಪಾರ್ಕಲ್ಲೋ ಜಯನಗರದಲ್ಲೋ ಟಬೂಬಿಯಾ ಮರ ಎಲೆ ಎಲ್ಲಾ ಉದುರಿಸಿಕೊಂಡು ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟಿರೋದು. ನೋಡಿ ತುಂಬ ಖುಷಿ ಆಗುತ್ತೆ, ನಮ್ಮ ಫ್ಯಾಮಿಲಿ ಗ್ರೂಪಲ್ಲೂ ಅದೇ ಫೋಟೋ ಓಡಾಡ್ತಾ ಇರುತ್ತೆ. ಆದ್ರೆ ಅದಾದ್ಮೇಲೆ ವರ್ಷ ಪೂರ್ತಿ ಮರದ ಸುದ್ದಿ ಅಂತ ಬರೋದು ಮಳೇಲಿ ಕೊಂಬೆ ಮುರಿದು ಯಾರದ್ದೋ ಕಾರಿನ ಮೇಲೆ ಬಿದ್ದಾಗ, ಇಲ್ಲಾಂದ್ರೆ ರಸ್ತೆ ಅಗಲ ಮಾಡೋಕೆ ಕಡೀತಾರೆ ಅನ್ನುವಾಗ. ಮಿಕ್ಕ ದಿನ ಅವು ಸುಮ್ನೆ ಹೂ ಬಿಡ್ತಾನೇ ಇರ್ತವೆ, ಅದನ್ನ ಯಾರೂ ಹೇಳಲ್ಲ, ಅದಕ್ಕೇ ಬರೀತಿದೀನಿ.

ನಾನು ದಿನಾ ಬಸ್ಸಲ್ಲಿ ಕೆಲಸಕ್ಕೆ ಹೋಗಿ ಬರೋಳು. ಟ್ರಾಫಿಕ್ ಬಗ್ಗೆ ಹೇಳೋದೇ ಬೇಡ, ಎಲ್ಲರಿಗೂ ಗೊತ್ತಿರೋದೇ. ಕಿಟಕಿ ಪಕ್ಕ ಸೀಟು ಸಿಕ್ಕಿದ ದಿನ ಮೊಬೈಲ್ ಬ್ಯಾಗಲ್ಲಿಟ್ಟು ಮೇಲೆ ನೋಡ್ತೀನಿ. ಟಬೂಬಿಯಾ ಮುಗಿಯೋ ಹೊತ್ತಿಗೆ ನೀಲಿ ಜಕರಾಂಡ, ಯುಗಾದಿ ಹೊತ್ತಿಗೆ ಹೊಂಗೆಯ ಎಳೆ ಹಸಿರು, ಬಿಸಿಲು ಏರಿದ ಹಾಗೆ ಗುಲ್‌ಮೊಹರ್, ದೀಪಾವಳಿ ಸುತ್ತಮುತ್ತ ಆಕಾಶಮಲ್ಲಿಗೆ. ಇದು ಕಾಕತಾಳೀಯ ಅಲ್ಲ ಅಂತ ಓದಿದಾಗ ನನಗೆ ಎಷ್ಟು ಸಂತೋಷ ಆಯ್ತೋ ಹೇಳಕ್ಕಾಗಲ್ಲ! 1908ರಿಂದ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕೃಂಬಿಗಲ್ ಅವರು ಒಂದು ಜಾತಿ ಮರದ ಹೂ ಮುಗೀತಿದ್ದ ಹಾಗೆ ಇನ್ನೊಂದು ಶುರುವಾಗಬೇಕು, ವರ್ಷದ ಯಾವ ತಿಂಗಳಲ್ಲೂ ಊರು ಹೂವಿಲ್ಲದೆ ಇರಬಾರದು ಅಂತ ಯೋಚಿಸಿ ಮರ ಆರಿಸಿದವರು. ಆಮೇಲೆ 1980ರ ದಶಕದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಾಳ ಅವರು ಲಕ್ಷಗಟ್ಟಲೆ ಸಸಿ ನೆಡಿಸಿದ್ರು. ಅವರು ಯಾರೂ ನಮ್ಮನ್ನ ನೋಡಿದವರಲ್ಲ, ಆದ್ರೂ ನಾವು ಸಿಗ್ನಲ್ಲಲ್ಲಿ ನಿಂತಾಗ ಕಣ್ಣಿಗೆ ತಂಪಾಗಿರಲಿ ಅಂತ ಮಾಡಿಟ್ಟು ಹೋಗಿದಾರೆ.

ಆಕಾಶಮಲ್ಲಿಗೆ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ರಾತ್ರಿ ಅರಳಿ ಬೆಳಗಾಗೋದ್ರೊಳಗೆ ಉದುರಿರುತ್ತೆ, ನಮ್ಮ ಬಸ್ ಸ್ಟಾಪಿನ ಕಲ್ಲು ಬೆಂಚು ಪೂರ್ತಿ ಬಿಳಿ ಆಗಿರುತ್ತೆ, ಆ ಘಮ ಡೀಸೆಲ್ ಹೊಗೆ ನಡುವೇನೂ ಗೊತ್ತಾಗುತ್ತೆ. ಅಲ್ಲಿ ಗುಡಿಸೋಕೆ ಬರೋ ಪೌರಕಾರ್ಮಿಕ ಅಮ್ಮ ಒಬ್ಬರಿದಾರೆ, ಅವರು ಪೊರಕೆ ಪಕ್ಕಕ್ಕಿಟ್ಟು ಮೊದಲು ಚೆನ್ನಾಗಿರೋ ಹೂ ಒಂದು ಬೊಗಸೆ ಆಯ್ಕೋತಾರೆ, ಆಮೇಲೇ ಗುಡಿಸೋದು. ಆ ಹೂವಿಗೆ ದಾರ ಬೇಡ, ತೊಟ್ಟು ಅಷ್ಟುದ್ದ ಇರೋದ್ರಿಂದ ಜಡೆ ಹೆಣೆಯೋ ಹಾಗೆ ಒಂದರೊಳಗೊಂದು ಹೆಣ್ಕೊಂಡು ಹೋದ್ರೆ ಸಾಕು. ಅವರ ಬೆರಳು ನೋಡ್ತಾ ನಿಂತ್ರೆ ಬಸ್ ಲೇಟಾಗಿದ್ದೂ ಗೊತ್ತಾಗಲ್ಲ, ಒಂದಿನ ನನಗೂ ಒಂದು ತುಂಡು ಕೊಟ್ರು "ಮುಡ್ಕೊಳಕ್ಕಾ" ಅಂತ, ಸಂಜೆ ತನಕ ತಲೇಲಿ ಇಟ್ಕೊಂಡಿದ್ದೆ.

ಈಗೆಲ್ಲ ಖುಷಿ ಅಂದ್ರೆ ವೀಕೆಂಡು, ರೆಸಾರ್ಟು, ನಂದಿಬೆಟ್ಟದ ಕ್ಯೂ. ಹೋಗಲಿ ಬಿಡಿ, ಹೋಗೋಕೆ ಆಗೋರು ಹೋಗ್ಲಿ, ತಪ್ಪೇನಿಲ್ಲ. ಆದ್ರೆ ಆಗದೇ ಇರೋರು ಎಷ್ಟು ಜನ ಇದಾರೆ? ನಮ್ಮತ್ತೆಗೆ ಮಂಡಿ ನೋವು, ಮೆಟ್ಟಿಲು ಇಳಿಯೋದೇ ಕಷ್ಟ. ಅವರ ಪ್ರಪಂಚ ಅಂದ್ರೆ ಬಾಲ್ಕನಿ ಮತ್ತೆ ಅದರ ಮುಂದಿರೋ ಹೊಂಗೆ ಮರ. ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಅಲ್ಲಿ ಕೂತ್ರೆ ಜೇನುಹುಳ ಗುಂಯ್ ಅನ್ನೋದು ಕೇಳಿಸ್ಕೊಂಡು, ಯಾವ ಹಕ್ಕಿ ಬಂತು ಅಂತ ಮಧ್ಯಾಹ್ನ ಊಟದ ಹೊತ್ತಿಗೆ ನನಗೆ ಫೋನ್ ಮಾಡಿ ಹೇಳ್ತಾರೆ, ಆ ದನಿ ಕೇಳಿದ್ರೆ ನನ್ನ ಅರ್ಧ ದಣಿವು ಹೋಗುತ್ತೆ. ಇಂಥ ಮರ ಒಂದು ಕಡಿದ್ರೆ ಬೇರೆ ಕಡೆ ಹತ್ತು ಸಸಿ ನೆಡ್ತೀವಿ ಅಂತಾರಲ್ಲ, ಆ ಸಸಿ ನಮ್ಮತ್ತೆ ಬಾಲ್ಕನಿ ಎತ್ತರಕ್ಕೆ ಬರೋದು ಯಾವಾಗ?

ನನ್ನದೊಂದು ಕೋರಿಕೆ ಸರ್. ನೀವು ದಿನಾ ಸೂರ್ಯೋದಯ, ರಾಹುಕಾಲ, ಬಂಗಾರದ ರೇಟು ಎಲ್ಲಾ ಹಾಕ್ತೀರಿ. ಅದರ ಪಕ್ಕದಲ್ಲೇ ಒಂದೇ ಒಂದು ಸಾಲು, ಇವತ್ತು ಎಲ್ಲಿ ಯಾವ ಮರ ಹೂ ಬಿಟ್ಟಿದೆ ಅಂತ ಹಾಕಿ. ಬೆಂಗಳೂರಿಂದೇ ಆಗ್ಬೇಕು ಅಂತೇನಿಲ್ಲ. ಬಯಲುಸೀಮೆ ಕಡೆಯವರು ಮುತ್ತುಗ ಕೆಂಪಾದಾಗ ಬರೀಲಿ, ಉತ್ತರ ಕನ್ನಡದವರು ಸುರಗಿ ಬಗ್ಗೆ ಹೇಳ್ಲಿ, ಕಕ್ಕೆ ಮರ ಹಳದಿ ಗೊಂಚಲು ಇಳಿಬಿಟ್ಟಾಗ ಯಾರಾದ್ರೂ ಫೋಟೋ ಕಳಿಸ್ಲಿ. ಓದುಗರೇ ಕಳಿಸ್ತಾರೆ, ನಿಮಗೆ ಖರ್ಚೂ ಇಲ್ಲ. ಈ ವಾರ ನಮ್ಮ ಕಡೆ ಹೊಂಗೆ, ಗುಲ್‌ಮೊಹರ್ ಎರಡೂ ಇದೆ, ಬೇಕಿದ್ರೆ ಅದನ್ನೇ ಮೊದಲನೇ ಸಾಲಾಗಿ ಹಾಕ್ಕೊಳ್ಳಿ.

ಇತಿ,
ನಿಮ್ಮ ಓದುಗಳು, ಬನಶಂಕರಿ, ಬೆಂಗಳೂರು